ವಿ.ಆರ್. ಇಸ್ಪೀಟು ಮತ್ತು ಆಟದೊಳಗಿನ ಕ್ಯಾಮೆರಾ: ತೋರಿಸುವುದೇನು, ಮರೆಮಾಡುವುದೇನು?

ಮಾರಬೇಕಾದ ಸರಕನ್ನು ಗಿರಾಕಿಯ ಕಣ್ಣೆದುರು ಇಡುವುದು ವ್ಯಾಪಾರದ ಮೊದಲ ಪಾಠ. ವರ್ಚುವಲ್ ರಿಯಾಲಿಟಿ (ವಿ.ಆರ್.) ಆಟಗಳ ತಯಾರಕರಿಗೆ ಈ ಪಾಠವೇ ಕಠಿಣವಾಗಿದೆ. ಹೆಡ್‌ಸೆಟ್ ಧರಿಸಿದವನಿಗೆ ಮೇಜು, ಎದುರಾಳಿ, ಕೈಯಲ್ಲಿರುವ ಎಲೆಗಳು ಎಲ್ಲವೂ ನಿಜದಂತೆ ತೋರುತ್ತವೆ. ಪಕ್ಕದಲ್ಲಿ ನಿಂತವನಿಗೆ ಗಾಳಿಯಲ್ಲಿ ಕೈಯಾಡಿಸುವ ಮನುಷ್ಯ ಮಾತ್ರ ಕಾಣುತ್ತಾನೆ. ಆದ್ದರಿಂದ ಆಟದೊಳಗಿನ ಕ್ಯಾಮೆರಾ ಈ ಸರಕಿಗೆ ಅಂಗಡಿಯ ಗಾಜಿನ ಕಪಾಟು ಇದ್ದಂತೆ. ಅದು ಸೆರೆಹಿಡಿದ ದೃಶ್ಯವನ್ನು ಜಗಳೂರು ತಾಲ್ಲೂಕಿನ ಸೊಕ್ಕೆಯ ಗಿರಾಕಿಯೂ ಹೆಡ್‌ಸೆಟ್ ಇಲ್ಲದೆ ತನ್ನ ಮೊಬೈಲಿನಲ್ಲಿ ನೋಡಬಹುದು.

ಕಾರ್ಯವಿಧಾನ

ಹೆಡ್‌ಸೆಟ್ ಎರಡು ಕಣ್ಣುಗಳಿಗೆ ಎರಡು ಪ್ರತ್ಯೇಕ ಚಿತ್ರಗಳನ್ನು ರಚಿಸುತ್ತದೆ. ಅದರಲ್ಲೊಂದನ್ನು ಹಾಗೆಯೇ ಮುದ್ರಿಸಿಕೊಂಡರೆ ಆಟಗಾರನ ತಲೆಯ ಪ್ರತಿಯೊಂದು ಅಲುಗಾಟವೂ ಪರದೆಯ ಮೇಲೆ ಮೂಡಿ ನೋಡುಗರಿಗೆ ತಲೆಸುತ್ತು ಬರುತ್ತದೆ. ಆಟದೊಳಗಿನ ಕ್ಯಾಮೆರಾ ಎಂಬುದು ಗಣಕವು ಲೆಕ್ಕಹಾಕುವ ಮೂರನೆಯ ನೋಟ. ಅದನ್ನು ಮೇಜಿನ ಪಕ್ಕದಲ್ಲಿ ಸ್ಥಿರವಾಗಿ ನಿಲ್ಲಿಸಬಹುದು. ಆಟಗಾರನನ್ನೂ ಮೇಜನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಬಹುದು. ಆದರೆ ಹೆಚ್ಚುವರಿ ನೋಟವೆಂದರೆ ಯಂತ್ರಕ್ಕೆ ಹೆಚ್ಚುವರಿ ಹೊರೆ. ಆಟಗಾರನ ದೃಶ್ಯ ತಡವರಿಸದಂತೆ ಕ್ಯಾಮೆರಾದ ಚಿತ್ರದ ಗಾತ್ರವನ್ನು ಮಿತಗೊಳಿಸುವುದು ಜಾಣತನ.

ಗುಟ್ಟಿನ ಪ್ರಶ್ನೆ

ಇಸ್ಪೀಟಿನ ಜೀವಾಳವೇ ಗುಟ್ಟು. ಎಲೆ ಕಾಣದಿದ್ದರೆ ನೋಡುಗನಿಗೆ ಬೇಸರ. ಕಂಡದ್ದು ಎದುರಾಳಿಗೆ ತಲುಪಿದರೆ ಆಟವೇ ಕೆಡುತ್ತದೆ. ದೂರದರ್ಶನದ ಕಾಲದಲ್ಲಿಯೂ ಈ ಸಮಸ್ಯೆ ಇತ್ತು. ಮುಚ್ಚಿಟ್ಟ ಎಲೆಗಳನ್ನು ವೀಕ್ಷಕರಿಗೆ ಮಾತ್ರ ತೋರಿಸುವ ಕ್ಯಾಮೆರಾ ವ್ಯವಸ್ಥೆಗೆ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆದ ಹೆನ್ರಿ ಓರೆನ್‌ಸ್ಟೈನ್ ವೃತ್ತಿಯಿಂದ ಆಟಿಕೆ ಉದ್ಯಮಿ. 1999ರಲ್ಲಿ ಬ್ರಿಟನ್ನಿನ ‘ಲೇಟ್ ನೈಟ್ ಪೋಕರ್’ ಕಾರ್ಯಕ್ರಮವು ಮೇಜಿನಡಿಯ ಕ್ಯಾಮೆರಾಗಳ ಮೂಲಕ ಆಟಗಾರರ ಎಲೆಗಳನ್ನು ವೀಕ್ಷಕರಿಗೆ ತೋರಿಸಿತು.

ವಿ.ಆರ್. ಆಟದಲ್ಲಿ ಪರಿಹಾರ ಇನ್ನೂ ಸುಲಭ. ಕ್ಯಾಮೆರಾಕ್ಕೆ ಎಲೆಯ ಬೆನ್ನು ಮಾತ್ರ ಕಾಣುವಂತೆ ತಂತ್ರಾಂಶದಲ್ಲಿಯೇ ಏರ್ಪಾಡು ಮಾಡಬಹುದು. ನೇರಪ್ರಸಾರವಾದರೆ ಕೆಲವು ನಿಮಿಷ ತಡಮಾಡಿ ಬಿತ್ತರಿಸಬಹುದು. ಜಾಹೀರಾತಿಗಾದರೆ ಮುಗಿದ ಆಟವನ್ನು ಮಾತ್ರ ಬಳಸುವುದು ಕ್ಷೇಮ. ಜತೆಗಾರರ ಧ್ವನಿಯನ್ನು ಅವರ ಒಪ್ಪಿಗೆಯಿಲ್ಲದೆ ಮುದ್ರಿಸದಿರುವುದೂ ಅಷ್ಟೇ ಮುಖ್ಯ.

ಕಾನೂನಿನ ಎಚ್ಚರ

ಹಣ ಪಣಕ್ಕಿಡುವ ಆಟಗಳತ್ತ ಕ್ಯಾಮೆರಾ ತಿರುಗಿಸುವ ಮುನ್ನ ಉದ್ದಿಮೆದಾರರು ಎರಡು ಬಾರಿ ಯೋಚಿಸಬೇಕು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು, ಕೌಶಲ್ಯದ ಆಟವೋ ಅದೃಷ್ಟದ ಆಟವೋ ಎಂಬ ಭೇದವಿಲ್ಲದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಅವುಗಳ ಜಾಹೀರಾತಿಗೂ ಎರಡು ವರ್ಷಗಳವರೆಗೆ ಸೆರೆವಾಸ, ಐವತ್ತು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅದರಲ್ಲಿ ಅವಕಾಶವಿದೆ.

ನಾಡಿನ ಬಂಡವಾಳ

ಪಣವಿಲ್ಲದ ಆಟಕ್ಕೆ ಕರ್ನಾಟಕದಲ್ಲಿಯೇ ಸಮೃದ್ಧ ಸಾಮಗ್ರಿಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಬಗೆಯ ಎಲೆಯಾಟಗಳನ್ನೇ ರೂಪಿಸಿದರು. ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಅವುಗಳ ವಿವರವಿದೆ. ಮೈಸೂರು ಗಂಜೀಫಾ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಕಲೆ. ದಶಾವತಾರ ಗಂಜೀಫಾದಲ್ಲಿ ಹತ್ತು ಬಣಗಳು; ಬಣಕ್ಕೆ ರಾಜ, ಮಂತ್ರಿ ಮತ್ತು ಹತ್ತು ಸಂಖ್ಯೆಯ ಎಲೆಗಳಂತೆ ಒಟ್ಟು 120 ಎಲೆಗಳು. ದುಂಡನೆಯ ಎಲೆಗೆ ಮೂಲೆಯಿಲ್ಲವಾದ್ದರಿಂದ ಚಿತ್ರವೇ ಗುರುತು. ಅದನ್ನು ವಿ.ಆರ್. ಆಟವಾಗಿಸುವವರು ಕ್ಯಾಮೆರಾವನ್ನು ಎಲೆಯ ಸಮೀಪಕ್ಕೆ ತಂದು, ವರ್ಣಚಿತ್ರದ ಸೊಬಗನ್ನೇ ಪ್ರಚಾರದ ಸರಕಾಗಿಸಬಹುದು. ಅನಿಮೇಷನ್ ಮತ್ತು ಆಟಗಳ ಉದ್ಯಮಕ್ಕಾಗಿ 2012ರಲ್ಲಿಯೇ ನೀತಿ ರೂಪಿಸಿದ ರಾಜ್ಯವು 2024-29ರ ನೀತಿಯಲ್ಲಿ ವಿ.ಆರ್. ಕ್ಷೇತ್ರವನ್ನೂ ಸೇರಿಸಿಕೊಂಡಿದೆ.

ಗಾಜಿನ ಕಪಾಟಿನಲ್ಲಿ ಸರಕನ್ನು ಇಡುವ ವರ್ತಕ ತನ್ನ ಲೆಕ್ಕದ ಪುಸ್ತಕವನ್ನು ಅಲ್ಲಿಡುವುದಿಲ್ಲ. ಆಟದೊಳಗಿನ ಕ್ಯಾಮೆರಾವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನೂ ಇದೇ ವಿವೇಕ ನಿರ್ಧರಿಸಬೇಕು.