ಬಾವಿಯಲ್ಲಿ ಈಸಿದವರು ಕಡಲಿಗಿಳಿದರೆ

ಭೀಮಾ ತೀರದ ನಮ್ಮ ಕಡೆ ಈಜಿಗೆ ಈಸು ಅನ್ನುತ್ತೇವೆ. ಅಫಜಲಪುರ, ಜೇವರ್ಗಿ, ಆಳಂದದ ಹಳ್ಳಿಗಳಲ್ಲಿ ಈಸು ಕಲಿತವರಲ್ಲಿ ಹೆಚ್ಚಿನವರು ಹೊಲದ ಬಾವಿಯಲ್ಲಿ ಕಲಿತವರು. ಸೊಂಟಕ್ಕೆ ಬೆಂಡನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿ ಕಾಕಾ ಮೆಟ್ಟಿಲ ಮೇಲಿಂದ ತಳ್ಳಿದರೆ ಮೊದಲ ಪಾಠ ಮುಗಿಯಿತು. ಮುಂದಿನ ಬೇಸಿಗೆಗೆ ಬೆಂಡು ಬಿಚ್ಚುತ್ತಿದ್ದೆವು. ಅದರ ಮುಂದಿನ ಬೇಸಿಗೆಗೆ ನಾಣ್ಯ ಎಸೆದು ತಳದಿಂದ ಎತ್ತಿ ತರುವ ಪಂದ್ಯ. ತಳ ಮುಟ್ಟುವ ಹೊತ್ತಿಗೆ ಕಿವಿಯೊಳಗೆ ಸೂಜಿ ಚುಚ್ಚಿದಂತಾಗುತ್ತಿತ್ತು. ಅದು ಯಾಕೆ ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಸಂಗ ಬಂದದ್ದು ಮಗಳಿಂದ. ಹತ್ತನೇ ತರಗತಿಯ ಪರೀಕ್ಷೆ ಮುಗಿದ ಮೇಲೆ ಏನು ಬೇಕು ಎಂದು ಕೇಳಿದೆ. ಮೊಬೈಲ್ ಕೇಳುತ್ತಾಳೆ ಅಂದುಕೊಂಡಿದ್ದೆ. ‘ಪಪ್ಪಾ, ಸಮುದ್ರದೊಳಗ ಇಳೀಬೇಕು. ನೀನೂ ಬರಬೇಕು’ ಅಂದಳು. ಅವಳ ತಲೆಯೊಳಗೆ ಕೂತಿದ್ದು ‘ಗಂಧದ ಗುಡಿ’. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡರು. ಅಮೋಘವರ್ಷ ಜೊತೆ ಅವರು ಮಾಡಿದ ಆ ಚಿತ್ರ ಮರುವರ್ಷ ಅಕ್ಟೋಬರ್ 28ಕ್ಕೆ ತೆರೆಗೆ ಬಂತು. ಅದರಲ್ಲಿ ಪುನೀತ್ ನೇತ್ರಾಣಿ ದ್ವೀಪದ ನೀರಿಗಿಳಿಯುತ್ತಾರೆ. ಬಿಸಿಲುನಾಡಿನ ಎಷ್ಟೋ ಮಕ್ಕಳಿಗೆ ಕರ್ನಾಟಕಕ್ಕೂ ಸುತ್ತ ಹವಳವಿರುವ ಒಂದು ದ್ವೀಪವಿದೆ ಎಂದು ಗೊತ್ತಾದದ್ದೇ ಆ ಚಿತ್ರದಿಂದ.

ಮನೆಯಲ್ಲಿ ಎಲ್ಲರೂ ಕೂತು ಮಾತಾಡುವಾಗ ಮೊದಲು ಹೆದರಿದ್ದು ಆಯಿ. ‘ನೀರಿನ ಸಂಗಟ ಹುಡುಗಾಟ ಬ್ಯಾಡ್ರೆಪಾ’ ಅಂದಳು. ಅವಳ ಹೆದರಿಕೆಗೆ ಕಾರಣವಿದೆ. ನಮ್ಮ ಭಾಷೆಯಲ್ಲಿ ಮುಳುಗುವುದೆಂದರೆ ಒಂದೋ ಗಾಣಗಾಪುರದ ಸಂಗಮದಲ್ಲಿ, ಭೀಮೆ ಮತ್ತು ಅಮರ್ಜಾ ಕೂಡುವಲ್ಲಿ, ಭಕ್ತಿಯಿಂದ ಹಾಕುವ ಮುಳುಗು. ಇಲ್ಲವೇ ಹಾಳಾಗುವುದು, ಸಾಯುವುದು. ಬೇಸಿಗೆಯಲ್ಲಿ ಬತ್ತಿ ಮರಳು ತೋರಿಸುವ ಇದೇ ಭೀಮೆ 2020ರ ಅಕ್ಟೋಬರ್‌ನಲ್ಲಿ ತೀರದ ಊರುಗಳನ್ನು ಖಾಲಿ ಮಾಡಿಸಿದ್ದನ್ನು ಅವಳು ಕಂಡಿದ್ದಾಳೆ. ಸಂತೋಷಕ್ಕಾಗಿ ಮುಳುಗುವುದು, ಮುಳುಗಿ ಉಸಿರಾಡುತ್ತ ಕೂರುವುದು ಎಂಬ ಮಾತಿಗೆ ನಮ್ಮಲ್ಲಿ ಪದವೇ ಇಲ್ಲ. ಹಾಗಾಗಿ ಸ್ಕೂಬಾ ಎಂಬ ಪದವನ್ನೇ ಇಟ್ಟುಕೊಂಡೆವು.

ಯಾವ ದ್ವೀಪ ಎಂದು ಹುಡುಕತೊಡಗಿದಾಗ ಕಾಣುವುದೆಲ್ಲ ಬಿಳಿ ಮರಳು, ತೆಂಗಿನ ಮರ, ನೀಲಿ ನೀರಿನ ಚಿತ್ರಗಳು. ತಿಂಗಳುಗಟ್ಟಲೆ ಓದಿ, ವಿಚಾರಿಸಿದ ಮೇಲೆ ನನಗೆ ಅನಿಸಿದ್ದು ಇಷ್ಟು: ಆರಿಸಬೇಕಾದ್ದು ದಡವನ್ನಲ್ಲ, ನೀರನ್ನು. ಒಬ್ಬ ನಡುವಯಸ್ಸಿನವ, ಒಬ್ಬಳು ಹದಿನೈದರ ಹುಡುಗಿ, ಇಬ್ಬರೂ ಕಡಲಿಗೆ ಹೊಸಬರು. ಇವರು ಮೊದಲ ಸಲ ತಲೆ ಮುಳುಗಿಸುವ ನೀರು ಎಷ್ಟು ಆಳ, ಎಷ್ಟು ಅಲೆ, ದಡದಿಂದ ಎಷ್ಟು ದೂರ? ಕಣ್ಣಿಗೆ ಅಂದವಾದ ದ್ವೀಪ ಹೆದರಿದವರಿಗೆ ಒಳ್ಳೆಯ ದ್ವೀಪವೇ ಆಗಬೇಕೆಂದಿಲ್ಲ.

ನೇತ್ರಾಣಿಯಿಂದಲೇ ಶುರು ಮಾಡುತ್ತೇನೆ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರ ಅರಬ್ಬಿ ಸಮುದ್ರದಲ್ಲಿ ನಿಂತ ಕಡಿದಾದ ಬಂಡೆಯ ಗುಡ್ಡ ಅದು. ಆಕಾಶದಿಂದ ನೋಡಿದರೆ ಹೃದಯದ ಆಕಾರ. ಪಾರಿವಾಳ ದ್ವೀಪ ಎಂಬ ಹೆಸರೂ ಇದೆ. ಜನವಸತಿ ಇಲ್ಲ. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಅಲ್ಲಿ ಗೂಡು ಕಟ್ಟುತ್ತವೆ. ಮೀನುಗಾರರ ದೈವ ಜಟಗನ ಸ್ಥಾನ ಮೇಲಿದೆ, ಹರಕೆಯೆಂದು ಬಿಟ್ಟ ಆಡುಗಳು ಅಲ್ಲೇ ಕಾಡು ಪಾಲಾಗಿವೆ. ನೌಕಾಪಡೆ ವರ್ಷಗಟ್ಟಲೆ ಈ ಬಂಡೆಯನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದರಿಂದ ಸಿಡಿಗುಂಡುಗಳ ಚೂರುಗಳು ಹವಳದ ನಡುವೆ ಈಗಲೂ ಕಾಣುತ್ತವಂತೆ. ಇಂಥ ಜಾಗದಲ್ಲೇ ಗಿಳಿಮೀನು, ಚಿಟ್ಟೆಮೀನು, ಬ್ಯಾರಾಕುಡಾ ಹಿಂಡುಗಳು ಬದುಕಿವೆ. ಅದೃಷ್ಟವಿದ್ದವರಿಗೆ ಆಮೆ ಕಾಣುತ್ತದೆ.

ಆದರೆ ನೇತ್ರಾಣಿಯಲ್ಲಿ ಮರಳ ದಡದಿಂದ ನಡೆದು ನೀರಿಗಿಳಿಯುವ ಅವಕಾಶವಿಲ್ಲ. ಡೈವಿಂಗ್‌ಗೆ ಹೋದವರು ದ್ವೀಪದ ಮೇಲೆ ಕಾಲಿಡುವುದೂ ಇಲ್ಲ. ದೋಣಿಯಲ್ಲಿ ಒಂದು ತಾಸು, ಒಂದೂವರೆ ತಾಸು ತೂಗಾಡುತ್ತ ಹೋಗಿ, ಅಲ್ಲಿಂದಲೇ ನೀರಿಗೆ ಬೀಳಬೇಕು. ಕಾಲಿಗೆ ತಳ ಸಿಗುವುದಿಲ್ಲ. ಕಲಬುರಗಿಯಿಂದ ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ನಿದ್ದೆಗೆಟ್ಟು, ಖಾಲಿ ಹೊಟ್ಟೆಯಲ್ಲಿ ದೋಣಿ ಹತ್ತಿದವರಿಗೆ ವಾಂತಿಯೇ ಮೊದಲ ಅನುಭವವಾಗುತ್ತದೆ. ಒಂದು ದಿನ ಮೊದಲೇ ಮುರುಡೇಶ್ವರ ಸೇರಿ ಮಲಗಿ ಏಳಬೇಕು. ಬೆಳಿಗ್ಗೆ ಎರಡು ಇಡ್ಲಿ ಸಾಕು.

ಇನ್ನೊಂದು ಸಂಗತಿ ತಂದೆ ತಾಯಿ ಮೊದಲೇ ತಿಳಿದಿರಬೇಕು. ಮೊದಲ ಸಲದ ಪ್ರಾಯೋಗಿಕ ಡೈವ್‌ಗೆ ಈಸು ಬರಲೇಬೇಕೆಂದಿಲ್ಲ, ತರಬೇತುದಾರ ನಿಮ್ಮ ಸಿಲಿಂಡರ್ ಹಿಡಿದೇ ಇರುತ್ತಾನೆ. ಅಂದರೆ ಅಪ್ಪನನ್ನು ಒಬ್ಬ ಹಿಡಿದಿರುತ್ತಾನೆ, ಮಗಳನ್ನು ಇನ್ನೊಬ್ಬ. ಸರದಿ ಬೇರೆಯಾದರೆ ಮಗಳು ಕೆಳಗಿದ್ದಾಗ ಅಪ್ಪ ದೋಣಿಯಲ್ಲಿ ಕೂತಿರುತ್ತಾನೆ. ಇಬ್ಬರನ್ನೂ ಒಂದೇ ಹೊತ್ತಿಗೆ, ಒಬ್ಬರಿಗೊಬ್ಬರು ಕಾಣುವ ಹಾಗೆ ಇಳಿಸುತ್ತೀರಾ ಎಂದು ಹಣ ಕಟ್ಟುವ ಮೊದಲು ಕೇಳಬೇಕು. ಫೋಟೊ, ವಿಡಿಯೊ ವಿಚಾರವನ್ನು ಆಮೇಲೆ ಕೇಳಿದರೂ ನಡೆಯುತ್ತದೆ.

ಮುರುಡೇಶ್ವರದ ಹೆಸರು ಬಂದಾಗಲೆಲ್ಲ 2024ರ ಡಿಸೆಂಬರ್ ನೆನಪಾಗುತ್ತದೆ. ಪ್ರವಾಸಕ್ಕೆ ಬಂದ ಕೋಲಾರ ಜಿಲ್ಲೆಯ ವಸತಿ ಶಾಲೆಯ ನಾಲ್ವರು ಹುಡುಗಿಯರು ಅಲ್ಲಿನ ದಡದಲ್ಲಿ ಅಲೆಗೆ ಸಿಕ್ಕಿ ತೀರಿಕೊಂಡರು. ಕಡಲು ಕಾಣದ ಊರಿನ ಮಕ್ಕಳು. ನಮ್ಮ ಮಕ್ಕಳೂ ಅಂಥವರೇ. ಬಾವಿಯ ನೀರು ನಿಂತಲ್ಲೇ ನಿಂತಿರುತ್ತದೆ, ಭೀಮೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಕಡಲ ಅಲೆ ಮುಂದೆ ತಳ್ಳಿ ಹಿಂದಕ್ಕೆ ಎಳೆಯುತ್ತದೆ. ಈಸು ಬರುತ್ತದೆಂಬ ಧೈರ್ಯದ ಮೇಲೆ ಅಲ್ಲಿ ಇಳಿಯಬಾರದು. ಸ್ಕೂಬಾಕ್ಕೆ ಹೋದ ದಿನವೂ ದಡದಲ್ಲಿ ಎಚ್ಚರ ಬೇಕೇ ಬೇಕು.

ಈಗ ಆ ಕಿವಿಯ ಸೂಜಿ. ನೀರಿನಲ್ಲಿ ಪ್ರತಿ ಹತ್ತು ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. ಮೇಲಿದ್ದಾಗ ಒಂದು ಪಟ್ಟು ಇದ್ದದ್ದು ಹತ್ತು ಮೀಟರಿನಲ್ಲಿ ಎರಡು ಪಟ್ಟಾಗುತ್ತದೆ, ಇಪ್ಪತ್ತರಲ್ಲಿ ಮೂರು. ಹೋಲಿಸಿ ನೋಡಿದರೆ ಮೊದಲ ಹತ್ತು ಮೀಟರಿನಲ್ಲೇ ಬದಲಾವಣೆ ಹೆಚ್ಚು. ಕಿವಿಯೊಳಗಿನ ಗಾಳಿ ಕುಗ್ಗಿ ತಮಟೆ ಒಳಕ್ಕೆ ಬಾಗುತ್ತದೆ. ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿದರೆ ಸರಿಹೋಗುತ್ತದೆ. ನೋವು ಬಂದ ಮೇಲಲ್ಲ, ಬರುವ ಮೊದಲೇ, ಮೀಟರಿಗೊಮ್ಮೆ ಊದಬೇಕು. ನೆಗಡಿ ಇದ್ದರೆ ಇಳಿಯಲೇಬಾರದು. ಮೇಲೆ ಬರುವಾಗ ಇದಕ್ಕೆ ತಿರುಗಾಮುರುಗ, ಎದೆಯೊಳಗಿನ ಗಾಳಿ ಹಿಗ್ಗುತ್ತದೆ. ಅದಕ್ಕೇ ಸ್ಕೂಬಾದ ಮೊದಲ ನಿಯಮ ಉಸಿರು ಹಿಡಿಯಬೇಡ ಎಂಬುದು. ಬಾವಿಯಲ್ಲಿ ಕಲಿತವರಿಗೆ ಕಷ್ಟವಾಗುವುದು ಇದೇ, ಏಕೆಂದರೆ ಉಸಿರು ಹಿಡಿಯುವುದೇ ನಮ್ಮ ವಿದ್ಯೆಯಾಗಿತ್ತು. ಈ ವಿಷಯದಲ್ಲಿ ಮಕ್ಕಳು ಬೇಗ ಕಲಿಯುತ್ತಾರೆ, ಮರೆಯಬೇಕಾದ್ದು ಅವರಲ್ಲಿ ಕಡಿಮೆ.

ವಯಸ್ಸಿನ ಲೆಕ್ಕ ಹೀಗಿದೆ. ಜಗತ್ತಿನ ದೊಡ್ಡ ತರಬೇತಿ ಸಂಸ್ಥೆ ಪ್ಯಾಡಿಯ ನಿಯಮದಂತೆ ಹತ್ತು ತುಂಬಿದವರು ಕಡಲಲ್ಲಿ ಪ್ರಾಯೋಗಿಕ ಡೈವ್ ಮಾಡಬಹುದು, 12 ಮೀಟರಿನವರೆಗೆ. ಓಪನ್ ವಾಟರ್ ಎಂಬ ಪೂರ್ಣ ಕೋರ್ಸನ್ನೂ ಹತ್ತರಿಂದಲೇ ಮಾಡಬಹುದು, ಆದರೆ ಹದಿನಾಲ್ಕರವರೆಗೆ ಅದು ಕಿರಿಯರ ಪ್ರಮಾಣಪತ್ರ. ಹನ್ನೆರಡರಿಂದ ಹದಿನಾಲ್ಕರವರು ಪ್ರಮಾಣಪತ್ರ ಪಡೆದ ದೊಡ್ಡವರ ಜೊತೆಗೇ ಇಳಿಯಬೇಕು. ಹದಿನೈದಾದರೆ ದೊಡ್ಡವರ ಪ್ರಮಾಣಪತ್ರವೇ ಸಿಗುತ್ತದೆ, ಮಿತಿ 18 ಮೀಟರ್. ಇದಕ್ಕೆ 200 ಮೀಟರ್ ಈಸಬೇಕು, ಹತ್ತು ನಿಮಿಷ ನೀರಿನ ಮೇಲೆ ತೇಲಬೇಕು. ಇಳಿಯುವ ಮೊದಲು ಆರೋಗ್ಯದ ಕಾಗದ ತುಂಬಬೇಕು. ಮಗಳ ಕಾಗದಕ್ಕೆ ಸಹಿ ನನ್ನದು. ನನ್ನ ಕಾಗದವೇ ಉದ್ದ: ಬಿಪಿ ಇದೆಯೇ, ಶುಗರ್ ಇದೆಯೇ, ದಮ್ಮು ಇದೆಯೇ, ಬೀಡಿ ಸಿಗರೇಟು ಸೇದುತ್ತೀರಾ. ನಲವತ್ತೈದು ದಾಟಿದವರಿಗೆ ಪ್ರಶ್ನೆಗಳು ಇನ್ನೂ ಹೆಚ್ಚು. ಯಾವುದಕ್ಕಾದರೂ ಹೌದು ಅನ್ನಬೇಕಾಗಿ ಬಂದರೆ ಸುಳ್ಳು ಬರೆಯದೆ ಮೊದಲು ಡಾಕ್ಟರರ ಹತ್ತಿರ ಹೋಗಬೇಕು. ಮಕ್ಕಳ ಖುಷಿ ಕೆಡುತ್ತದೆಂದು ತಂದೆಯಂದಿರು ಇಲ್ಲೇ ತಪ್ಪು ಮಾಡುತ್ತಾರೆ.

ಆಮೇಲೆ ಲಕ್ಷದ್ವೀಪ. ನಕ್ಷೆ ನೋಡುತ್ತಾ ಕೂತಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಇತಿಹಾಸ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳ ಜನ ಕಣ್ಣಾನೂರಿನ ಅರಕ್ಕಲ್ ಮನೆತನದ ಆಳ್ವಿಕೆ ತಾಳಲಾರದೆ 1787ರ ಸುಮಾರಿಗೆ ಟಿಪ್ಪುವಿನ ಆಸರೆಗೆ ಬಂದರು. 1799ರ ನಂತರ ಬ್ರಿಟಿಷರು ಅವನ್ನು ಮಂಗಳೂರಿನಿಂದಲೇ ಆಳಿದರು. ದ್ವೀಪದವರು ತೆಂಗಿನ ನಾರು ತಂದುಕೊಟ್ಟು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. ಹಳೆ ಬಂದರಿನಿಂದ ಸರಕಿನ ಹಡಗುಗಳು ಇವತ್ತಿಗೂ ಅಲ್ಲಿಗೆ ಹೋಗುತ್ತವೆ. 1956ರ ನವೆಂಬರ್ 1ರಂದು ಈ ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇಂದ್ರಾಡಳಿತಕ್ಕೆ ಸೇರಿದವು. ಅದೇ ದಿನ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದವು. ನಾವು ಒಳಗೆ ಬಂದ ಬಾಗಿಲಲ್ಲಿ ಅವರು ಹೊರಗೆ ಹೋದರು. 1973ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಅಂದೇ ಅವರ ಪ್ರದೇಶಕ್ಕೂ ಲಕ್ಷದ್ವೀಪ ಎಂಬ ಹೆಸರು ಬಂತು. ಇದನ್ನು ಮಗಳಿಗೆ ಹೇಳಿದಾಗ ಅವಳು ನಕ್ಷೆಯಲ್ಲಿ ಕಡಮತ್ ಮೇಲೆ ಬೆರಳಿಟ್ಟು ಸುಮಾರು ಹೊತ್ತು ತೆಗೆಯಲಿಲ್ಲ.

ಲಕ್ಷದ್ವೀಪದಲ್ಲಿ 36 ದ್ವೀಪಗಳು, ಜನ ಇರುವುದು ಹತ್ತರಲ್ಲಿ. ಎಲ್ಲ ಸೇರಿ 32 ಚದರ ಕಿಲೋಮೀಟರ್, ಅಂದರೆ ಎಂಟು ಸಾವಿರ ಎಕರೆಗೂ ಕಡಿಮೆ. ಆಳಂದ ತಾಲ್ಲೂಕಿನ ತೊಗರಿ ಹೊಲಗಳ ಒಂದು ಮೂಲೆಯಲ್ಲಿ ಕೂತುಬಿಡುತ್ತದೆ. ಹೊಸಬರಿಗೆ ಅಲ್ಲಿನ ದೊಡ್ಡ ವರವೆಂದರೆ ಲಗೂನು. ಹವಳದ ದಂಡೆ ಸುತ್ತಲೂ ಒಡ್ಡಿನಂತೆ ನಿಂತು ಹೊರಗಿನ ಅಲೆಯನ್ನು ತಡೆಯುತ್ತದೆ, ಒಳಗೆ ಎದೆಯುದ್ದದ ತಿಳಿನೀರು. ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್ ಬಾಯಿಗಿಟ್ಟು ಮೊದಲ ಹತ್ತು ಉಸಿರು ಎಳೆಯುವಾಗ ಗಾಬರಿಯಾದರೆ ಎದ್ದು ನಿಂತರಾಯಿತು. ಹೆದರುವ ಮಗುವಿಗೆ, ಹೆದರುವ ಅಪ್ಪನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಈ ದೇಶದಲ್ಲಿ ಇಲ್ಲವೆಂದೇ ನನ್ನ ಎಣಿಕೆ. ಕಷ್ಟವಿರುವುದು ತಲುಪುವುದರಲ್ಲಿ. ಪ್ರವೇಶ ಪರವಾನಗಿ ಬೇಕು, ಕೊಚ್ಚಿಯಿಂದ ರಾತ್ರಿಯಿಡೀ ಹಡಗಿನಲ್ಲಿ ಹೋಗಬೇಕು, ಇಲ್ಲವೇ ಅಗತ್ತಿ ದ್ವೀಪಕ್ಕೆ ವಿಮಾನ. ಪರೀಕ್ಷೆ ಮುಗಿದ ಮರುದಿನ ಹೊರಡುತ್ತೇವೆಂದರೆ ಆಗದು, ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. 2024ರ ಬೇಸಿಗೆಯಲ್ಲಿ ಕಡಲು ಕಾದು ಅಲ್ಲಿನ ಹವಳ ವ್ಯಾಪಕವಾಗಿ ಬಿಳಿಚಿತು. ಹವಳದ ಹುಳು ತನ್ನೊಳಗಿನ ಪಾಚಿಯನ್ನು ಹೊರಹಾಕಿ ಹಸಿವಿನಲ್ಲಿ ನಿಲ್ಲುವುದೇ ಬಿಳಿಚುವುದು. ನೀರು ತಣ್ಣಗಾದರೆ ಚೇತರಿಸಿಕೊಳ್ಳಬಹುದು, ಆಗದಿದ್ದರೆ ಸಾಯುತ್ತದೆ. ಹೋದವರು ಮುಟ್ಟಬಾರದು, ಕಾಲಿಗೆ ಕಟ್ಟಿದ ಫಿನ್‌ನಿಂದ ಒದೆಯಬಾರದು ಎಂದು ಮಕ್ಕಳಿಗೆ ಊರಲ್ಲೇ ಹೇಳಿ ಹೊರಡಿಸಬೇಕು.

ಹವಳ ಕಟ್ಟುವುದು ಸುಣ್ಣದ ಕಲ್ಲು. ನಮ್ಮ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಪರಸಿಯೂ ಸುಣ್ಣದ ಕಲ್ಲೇ. ಐವತ್ತು ಕೋಟಿ ವರ್ಷಕ್ಕೂ ಹಿಂದೆ ಈ ಭೀಮಾ ಸೀಮೆಯ ಮೇಲೆ ಕಡಲು ನಿಂತಿದ್ದಾಗ ಅದರ ತಳದಲ್ಲಿ ಪದರ ಪದರವಾಗಿ ಕೂತದ್ದು ಅದು. ಆಗ ಜಗತ್ತಿನಲ್ಲಿ ಈಗಿನ ಹವಳವೇ ಇರಲಿಲ್ಲ. ‘ಅಂದ್ರ ನಾವು ದಿನಾ ಸಮುದ್ರದ ತಳದ ಮ್ಯಾಲೇ ಊಟಕ್ಕ ಕೂಡ್ತೀವಿ’ ಅಂದಳು ಮಗಳು. ಆಯಿ ತಾನು ಕೂತ ಪರಸಿಯನ್ನು ಕೈಯಿಂದ ಒಮ್ಮೆ ಸವರಿ ನೋಡಿದಳು.

ಅಂಡಮಾನಿನ ಮಾತು ಚಿಕ್ಕದು. ಚೆನ್ನೈಯಿಂದ ಎರಡು ತಾಸಿಗೆ ಸ್ವಲ್ಪ ಹೆಚ್ಚು ಹಾರಿದರೆ ಶ್ರೀ ವಿಜಯಪುರಂ, ಹಳೆಯ ಪೋರ್ಟ್ ಬ್ಲೇರ್. ಅಲ್ಲಿಂದ ದೋಣಿಯಲ್ಲಿ ಸ್ವರಾಜ್ ದ್ವೀಪ, ಹಳೆಯ ಹ್ಯಾವ್‌ಲಾಕ್. ಭಾರತೀಯರಿಗೆ ಪರವಾನಗಿಯ ರಗಳೆಯಿಲ್ಲ, ದಡದಿಂದಲೇ ನೀರಿಗಿಳಿಯುವ ಜಾಗಗಳಿವೆ, ಮೂರು ನಾಲ್ಕು ದಿನದ ಪೂರ್ಣ ಕೋರ್ಸಿಗೆ ಅನುಕೂಲ ಹೆಚ್ಚು. ಖರ್ಚೂ ಹೆಚ್ಚು. ಮುಂಗಾರು ಮೇ ಮೂರನೇ ವಾರದ ಹೊತ್ತಿಗೇ ಅಲ್ಲಿಗೆ ಮುಟ್ಟುವುದರಿಂದ, ಹತ್ತನೆಯ ತರಗತಿಯವರಿಗೆ ಉಳಿಯುವುದು ಏಪ್ರಿಲ್ ಮತ್ತು ಮೇ ಮೊದಲ ವಾರಗಳು ಮಾತ್ರ. ನೇತ್ರಾಣಿಯಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೋಣಿ ಬಿಡುವುದಿಲ್ಲ. ನೀರು ತಿಳಿಯಾಗಿರುವುದು ಡಿಸೆಂಬರ್, ಜನವರಿಯಲ್ಲಿ, ಆಗ ನಮ್ಮ ಮಕ್ಕಳು ಪುಸ್ತಕ ಹಿಡಿದು ಕೂತಿರುತ್ತಾರೆ.

ನಾವು ಕಡೆಗೆ ಆರಿಸಿದ್ದು ನೇತ್ರಾಣಿ, ಏಪ್ರಿಲ್‌ನಲ್ಲಿ, ಒಂದೇ ಡೈವ್. ಕಷ್ಟದ ನೀರು ಎಂದು ಬಲ್ಲೆ. ಆದರೆ ಅರ್ಧ ತಾಸಿನ ಅನುಭವಕ್ಕೆ ಮನೆಯ ಉಳಿತಾಯವನ್ನೆಲ್ಲ ಸುರಿಯುವುದಕ್ಕಿಂತ, ಹತ್ತಿರದ ಕಡಲಲ್ಲಿ ಒಮ್ಮೆ ಇಳಿದು, ಇಬ್ಬರಿಗೂ ಮತ್ತೆ ಇಳಿಯುವ ಮನಸ್ಸಾದರೆ ಕಡಮತ್‌ಗೆ ಅರ್ಜಿ ಹಾಕುವುದು ಸರಿ ಅನಿಸಿತು. ಕಡಲಿಗೆ ತೀರಾ ಹೆದರುವ ಮಕ್ಕಳಿದ್ದವರಿಗೆ ಈ ಮಾತು ಹೇಳಲಾರೆ. ಅವರು ಕಾದು, ಹಣ ಕೂಡಿಸಿ, ಲಗೂನಿಗೇ ಹೋಗಲಿ.

ವಾಪಸು ಬರುವ ದಾರಿಗೂ ಒಂದು ನಿಯಮವಿದೆ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್, ಗೋಲಿ ಸೋಡಾ ಒಡೆದಾಗ ಗುಳ್ಳೆ ಏಳುವಂತೆ, ಒತ್ತಡ ತಟ್ಟನೆ ಇಳಿದರೆ ಗುಳ್ಳೆಯಾಗುತ್ತದೆ. ಅದಕ್ಕೇ ಒಂದು ಡೈವ್ ಆದ ಮೇಲೆ ಕನಿಷ್ಠ 12 ತಾಸು, ಹಲವು ಡೈವ್ ಆಗಿದ್ದರೆ 18 ತಾಸು ವಿಮಾನ ಹತ್ತಬಾರದು ಅನ್ನುತ್ತಾರೆ. ನಮಗೆ ವಿಮಾನವಿಲ್ಲ, ಘಟ್ಟವಿದೆ. ದಾರಿಯಲ್ಲಿ ಸಿಗುವ ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ, ಈ ಎಚ್ಚರಿಕೆ ಅಷ್ಟು ಎತ್ತರದ ಗುಡ್ಡದ ದಾರಿಗೂ ಸಲ್ಲುತ್ತದೆ. ಮಧ್ಯಾಹ್ನ ನೀರಿನಿಂದ ಎದ್ದು ಸಂಜೆಯ ಬಸ್ಸಿಗೆ ಘಟ್ಟ ಹತ್ತಬಾರದು. ಆ ರಾತ್ರಿಯೂ ಮುರುಡೇಶ್ವರದಲ್ಲೇ ಉಳಿಯುತ್ತೇವೆ.

ಹೊರಡಲು ಇನ್ನೂ ಹದಿನೆಂಟು ದಿನವಿದೆ. ನೀರಿನೊಳಗೆ ಮಾತಿಲ್ಲ, ಎಲ್ಲವೂ ಕೈಸನ್ನೆ. ಹೆಬ್ಬೆರಳು ಎತ್ತಿದರೆ ಮೇಲೆ ಹೋಗೋಣ ಎಂದರ್ಥ. ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳು, ತೋರುಬೆರಳು ಕೂಡಿಸಿ ಉಂಗುರ ಮಾಡಬೇಕು. ಅಂಗೈ ಅಗಲಿಸಿ ಅಲುಗಿಸಿದರೆ ಏನೋ ಸರಿಯಿಲ್ಲ. ಎಲ್ಲಕ್ಕೂ ಹೆಬ್ಬೆರಳೆತ್ತುವ ರೂಢಿಯ ಮಗಳಿಗೆ ಅದನ್ನು ಬಿಡಿಸುವುದೇ ಈಗ ನಮ್ಮ ದಿನದ ಕೆಲಸ. ನಿನ್ನೆ ಊಟದ ಹೊತ್ತಿಗೆ ಇನ್ನೊಂದು ರೊಟ್ಟಿ ಬೇಕೇನವ್ವಾ ಎಂದು ಆಯಿ ಕೇಳಿದಳು. ಮಗಳು ಮಾತಾಡದೆ ಬೆರಳು ಕೂಡಿಸಿ ಉಂಗುರ ಮಾಡಿ ತೋರಿಸಿದಳು. ಆಯಿ ಆ ಕೈಯನ್ನೇ ನೋಡಿ, ತನ್ನ ಹಿಟ್ಟಿನ ಬೆರಳುಗಳನ್ನು ಹಾಗೇ ಕೂಡಿಸಿ, ಸರಿಯಾಯಿತೇ ಎಂಬಂತೆ ನನ್ನತ್ತ ತಿರುಗಿಸಿ ಹಿಡಿದಳು.