ನಾಲ್ಕು ಅಕ್ಷರ, ಮೂರು ಮನೆ

ಶನಿವಾರ ಶಾಲೆ ಬಿಡುವ ಮುಂಚೆ ನಮ್ಮ ತರಗತಿಯಲ್ಲಿ ಆಡುವ ಅಕ್ಷರದಾಟ ನಿಮಗೆಲ್ಲ ಗೊತ್ತೇ ಇದೆ. ಮೇಷ್ಟ್ರು ಬೋರ್ಡಿನ ಮೇಲೆ ಒಂದಷ್ಟು ಅಕ್ಷರ ಬರೀತಾರೆ. ಅವುಗಳಿಂದ ಅವರು ಹೇಳಿದಷ್ಟೇ ಉದ್ದದ ಪದ ಮಾಡಬೇಕು. ಒಂದು ಪದದಲ್ಲಿ ಒಂದು ಅಕ್ಷರ ಒಂದೇ ಸಲ ಬರಬೇಕು. ಹೋದ ಸಲ ಅಂಕ ಬರೆಯುವ ಕೆಲಸ ನನ್ನದಾಗಿತ್ತು. ಆವತ್ತು ನಾನೊಂದು ತಪ್ಪು ಮಾಡಿದೆ. ಅದನ್ನು ಆಮೇಲೆ ಹೇಳ್ತೀನಿ, ಮೊದಲು ಆಟದ ಗುಟ್ಟು ಕೇಳಿ.

ಮೊದಲನೇ ಜಗಳ ಶುರುವಾಗುವುದೇ ಎಣಿಸುವುದರಲ್ಲಿ. 'ಅಜ್ಜ' ಎಷ್ಟು ಅಕ್ಷರ? ಅ, ಜ, ಇನ್ನೊಂದು ಜ, ಒಟ್ಟು ಮೂರು ಅಂತ ಕೆಲವರು ಹಟ ಮಾಡ್ತಾರೆ. ಅಲ್ಲ, ಎರಡೇ. ಒತ್ತಕ್ಷರ ತನ್ನ ಮೇಲಿರುವ ಅಕ್ಷರದ ಜೊತೆ ಸೇರಿ ಒಂದಾಗುತ್ತದೆ. ಸೊನ್ನೆಗೂ ಬೇರೆ ಲೆಕ್ಕವಿಲ್ಲ, ಆದ್ದರಿಂದ 'ಅಂಗಡಿ' ಮೂರಕ್ಷರ. 'ಸೂರ್ಯ' ಎರಡು. ಛಂದಸ್ಸಿನ ಪಾಠದಲ್ಲೂ ಹೀಗೇ ಎಣಿಸೋದು. ಉತ್ಪಲಮಾಲೆಯ ಒಂದು ಸಾಲಿಗೆ 20 ಅಕ್ಷರ, ಚಂಪಕಮಾಲೆಗೆ 21 ಅಂತ ಬಾಯಿಪಾಠ ಮಾಡ್ತೀವಲ್ಲ, ಅಲ್ಲಿ ಒತ್ತನ್ನು ಬೇರೆಯಾಗಿ ಎಣಿಸಿದರೆ ಲೆಕ್ಕವೇ ಕೂಡೋದಿಲ್ಲ. ಪೇಪರಿನ ಪದಬಂಧದಲ್ಲೂ ಒತ್ತು ಸಮೇತ ಒಂದು ಅಕ್ಷರಕ್ಕೆ ಒಂದೇ ಮನೆ.

ಇಂಗ್ಲಿಷಿನಲ್ಲಿ ಈ ಆಟ ಸುಲಭ, ಇರೋದೇ 26 ಅಕ್ಷರ. ನಮ್ಮಲ್ಲಿ ವರ್ಣಮಾಲೆ 49 ಅಂದರೂ ಕಾಗುಣಿತ ಬರೆದರೆ ಕ-ದಿಂದ ಕಃ ವರೆಗೆ 15 ರೂಪ. 34 ವ್ಯಂಜನಗಳಿಗೆ 34 × 15 = 510! ಒತ್ತಕ್ಷರಗಳನ್ನು ಇನ್ನೂ ಸೇರಿಸಿಯೇ ಇಲ್ಲ. ಅಷ್ಟು ಚೀಟಿ ಕತ್ತರಿಸುವವರು ಯಾರು? ಅದಕ್ಕೇ ನಾವು ಬರೀ ತಲಕಟ್ಟಿನ ಅಕ್ಷರಗಳಲ್ಲಿ ಆಡುತ್ತೇವೆ.

ಆವತ್ತು ಕೊಟ್ಟದ್ದು ಕ, ದ, ನ, ವ. ಮೂರಕ್ಷರದ ಪದ ಬೇಕು. ಮೂರು ಖಾಲಿ ಮನೆ ಇವೆ ಅಂದುಕೊಳ್ಳಿ. ಮೊದಲ ಮನೆಗೆ ನಾಲ್ಕರಲ್ಲಿ ಯಾವುದಾದರೂ ಬರಬಹುದು. ಎರಡನೇ ಮನೆಗೆ ಉಳಿದದ್ದು ಮೂರು, ಮೂರನೇ ಮನೆಗೆ ಎರಡು. 4 × 3 × 2 = 24 ಜೋಡಣೆ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಎರಡಕ್ಷರದ ಪದ ಕೇಳಿದ್ದರೆ 4 × 3 = 12 ಆಗುತ್ತಿತ್ತು. ಐದು ಅಕ್ಷರದಿಂದ ಮೂರಕ್ಷರದ ಪದ ಅಂದರೆ 5 × 4 × 3 = 60. ಒಂದೇ ಅಕ್ಷರ ಹೆಚ್ಚಾದರೆ ಎಷ್ಟು ಬೆಳೆಯಿತು ನೋಡಿ!

ಐದು ನಿಮಿಷದಲ್ಲಿ 24ನ್ನೂ ಬರೆದು ನೋಡೋಕೆ ಯಾರಿಗೂ ಆಗಲ್ಲ. ನನ್ನ ಉಪಾಯ ಇದು: ಮುಂದಿನಿಂದ ಹುಡುಕಬೇಡಿ, ಕೊನೆಯ ಅಕ್ಷರ ಹಿಡಿಯಿರಿ. ಗಮನ, ವಚನ, ಪವನ ಹೀಗೆ 'ನ'ದಲ್ಲಿ ಮುಗಿಯುವ ಪದಗಳು ನಮ್ಮಲ್ಲಿ ಬಹಳ. ಕೊನೇ ಮನೆಗೆ ನ ಇಟ್ಟುಬಿಟ್ಟರೆ ಉಳಿದ ಎರಡು ಮನೆಗೆ ಮೂರೇ ಅಕ್ಷರ, 3 × 2 = 6 ಜೋಡಣೆ. ಕದನ, ಕವನ, ದಕನ, ದವನ, ವಕನ, ವದನ. ಆರರಲ್ಲಿ ನಾಲ್ಕು ಪದ! ಇನ್ನೊಂದು, ಳ ಅಥವಾ ಣ ಕೊಟ್ಟರೆ ಅದನ್ನು ಮೊದಲ ಮನೆಯಲ್ಲಿ ಇಡಲೇಬೇಡಿ, ಕನ್ನಡದ ಪದಗಳು ಅವುಗಳಿಂದ ಶುರುವಾಗೋದಿಲ್ಲ. ರ, ಮ, ಣ ಮೂರಕ್ಕೆ ಆರು ಜೋಡಣೆ, ಣ ಮೊದಲಿರುವ ಎರಡು ಹೋದರೆ ನಾಲ್ಕು. ಅದರಲ್ಲಿ ರಮಣ, ಮರಣ ಎರಡೂ ಸಿಗುತ್ತವೆ.

ಈಗ ನನ್ನ ತಪ್ಪಿನ ವಿಷಯ. ಈ ಉಪಾಯ ಆವತ್ತು ನನಗೆ ಗೊತ್ತಿರಲಿಲ್ಲ. ಎಡಸಾಲಿನವರು ಕದನ, ಕವನ, ವದನ ಬರೆದರು. ಬಲಸಾಲಿನವರು ಕದನ, ಕವನ ಬರೆದರು, ಕೊನೆಗೆ ಅವರ ಹಿಂದಿನ ಬೆಂಚಿನ ಹುಡುಗಿ ಎದ್ದು 'ದವನ' ಅಂದಳು. ಅವಳು ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ. ನಾನು ಪುಟ್ಟ ನಿಘಂಟು ತಿರುವಿ, "ಇಲ್ಲಿ ಇಲ್ಲ, ಹಾಗೊಂದು ಪದವೇ ಇಲ್ಲ" ಅಂತ ಜೋರಾಗಿ ಹೇಳಿ ಅಡ್ಡಗೆರೆ ಎಳೆದೆ. ಎಲ್ಲರೂ ನಕ್ಕರು. ಬಲಸಾಲು ಒಂದು ಅಂಕದಿಂದ ಸೋತಿತು. ಅವಳು ಸುಮ್ಮನೆ ಕೂತಳು.

ಸಂಜೆ ಮನೆಯಲ್ಲಿ ಅಜ್ಜಿಗೆ ಹೇಳಿದೆ. ಅಜ್ಜಿ ಹೂ ಕಟ್ಟುತ್ತಾ ಇದ್ದರು. "ಯಾಕೋ, ದವನದ ಹುಣ್ಣಿಮೆ ಅಂತ ಕೇಳಿಲ್ವಾ? ಇದೇನು ಮತ್ತೆ?" ಅಂತ ಮಲ್ಲಿಗೆ ನಡುವಿನ ಬೂದುಹಸಿರು ಎಲೆಯನ್ನು ನನ್ನ ಮೂಗಿಗೆ ಹಿಡಿದರು. ಆ ವಾಸನೆ ಹುಟ್ಟಿದಾಗಿನಿಂದ ನನಗೆ ಗೊತ್ತು! ನಾವು 'ದವ್ನ' ಅಂತೀವಿ, ಅಷ್ಟೇ. ಬರೆದದ್ದನ್ನು ನಾನು ನೋಡಿರಲಿಲ್ಲ. ಸೋಮವಾರ ಮೇಷ್ಟ್ರನ್ನು ಕೇಳಿದೆ. ಸಂಸ್ಕೃತದ 'ದಮನ'ವೇ ನಮ್ಮಲ್ಲಿ 'ದವನ' ಆಗಿದೆ, ತತ್ಸಮ-ತದ್ಭವ ಪಾಠ ನೆನಪು ಮಾಡಿಕೋ ಅಂದರು. ಕೈಯಲ್ಲಿದ್ದ ಚಿಕ್ಕ ನಿಘಂಟನ್ನೇ ಇಡೀ ಕನ್ನಡ ಅಂದುಕೊಂಡೆಯಾ ಅಂತಲೂ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಆಮೇಲೆ ಆ ನಾಲ್ಕಕ್ಕೆ ಮ ಸೇರಿಸಿ, ಕೊನೆಗೆ ನ ಇಟ್ಟು ಹನ್ನೆರಡನ್ನೂ ಬರೆದು ನೋಡಿದೆ. ಮದನ, ದಮನ, ವಮನ ಹೊಸದಾಗಿ ಸಿಕ್ಕವು. (ವಮನ ಅಂದರೆ ವಾಂತಿ, ಊಟದ ಹೊತ್ತಿನಲ್ಲಿ ಓದಬೇಡಿ.) 'ಮನದ' ಆಗುತ್ತದಾ ಅಂತ ತಮ್ಮ ಕೇಳಿದ. ಅದು 'ಮನ'ಕ್ಕೆ ವಿಭಕ್ತಿ ಸೇರಿದ ರೂಪ. ಅದನ್ನೂ ಬಿಟ್ಟರೆ ಆಟಕ್ಕೆ ಕೊನೆಯೇ ಇರಲ್ಲ, ಹಾಗಾಗಿ ಬೇಡ ಅಂತ ನನ್ನ ಅಭಿಪ್ರಾಯ. ಬೇರೆ ಅಭಿಪ್ರಾಯ ಇದ್ದವರು ಬರೆದು ಅಂಟಿಸಿ.

ತಿದ್ದುಪಡಿ: ಹೋದ ಶನಿವಾರದ ಅಂಕ ಎಡಸಾಲು 3, ಬಲಸಾಲು 3. ಅಂಕದ ಪುಸ್ತಕದಲ್ಲಿ ನಾನೇ ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಅವಳಿಗೂ ಹೇಳಿದ್ದೇನೆ.

ಈ ಸಲದ ಅಕ್ಷರಗಳು ನ, ಗ, ರ, ಮ, ಸ. ಮೂರಕ್ಷರದ ಪದ ಬೇಕು. ನನಗೆ ಇದುವರೆಗೆ ನಾಲ್ಕು ಸಿಕ್ಕಿವೆ. ಉತ್ತರದ ಚೀಟಿಯನ್ನು ಹಿಂದಿನ ಬೆಂಚಿಗೆ ಕೊಡಿ, ಈ ವಾರ ಅಂಕ ಬರೆಯುವವಳು ಅವಳು.