ಅಡಗಿದ್ದು ಯಾರ ಕಣ್ಣಿಗೆ?

ಕಣ್ಣಾಮುಚ್ಚಾಲೆಯಲ್ಲಿ ಕಂಡವನು ಸಿಕ್ಕಿಬಿದ್ದಂತೆ, ವಾದಕ್ಕೆ ಎಡೆಯಿಲ್ಲ. ಅಮೆರಿಕದಲ್ಲಿ 1974ರಲ್ಲಿ ಹುಟ್ಟಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟದ ಕಥೆಯೇ ಬೇರೆ. ಅಲ್ಲಿ ಮೇಜಿನ ಸುತ್ತ ಕುಳಿತವರು ದಾಳ ಉರುಳಿಸುತ್ತ, ಮಾತಿನಲ್ಲಿಯೇ ಸಾಹಸಗಾಥೆ ಕಟ್ಟುತ್ತಾರೆ. ನಿರ್ವಾಹಕನೊಬ್ಬ ತೀರ್ಪು ಕೊಡುತ್ತಾನೆ. 'ನಾನು ಕಂಬದ ಹಿಂದೆ ಅಡಗಿದೆ' ಎಂದು ಒಬ್ಬ ನುಡಿದೊಡನೆ ಗಾಥೆ ನಿಂತು ಮೀಮಾಂಸೆ ಮೊದಲಾಗುತ್ತದೆ.

1975ರಲ್ಲಿ ಆಟಕ್ಕೆ 'ಕಳ್ಳ'ನ ಪಾತ್ರ ಸೇರಿತು. ನೆರಳಿನಲ್ಲಿ ಅಡಗಲು ಹೊಸ ಕಳ್ಳನಿಗೆ ನೂರಕ್ಕೆ ಹತ್ತರಷ್ಟೇ ಅವಕಾಶ. ಕಸುಬಿನವನಿಗೇ ಇಷ್ಟಾದರೆ ಉಳಿದವರು ಅಡಗಲೇಬಾರದೇ? 2014ರ ಆವೃತ್ತಿಯಲ್ಲಿ ಹಾಫ್ಲಿಂಗ್ ಎಂಬ ಕುಳ್ಳರ ಒಂದು ಪಂಗಡಕ್ಕೆ ದೊಡ್ಡ ಗೆಳೆಯನ ಬೆನ್ನೇ ಮರೆ. ಪ್ರತಿ ಸರದಿಯಲ್ಲೂ ಅದೇ ಬೆನ್ನ ಹಿಂದಿನಿಂದ ಇಣುಕಿ ಬಾಣ ಬಿಡುವವನನ್ನು ಶತ್ರು ಎಷ್ಟು ಸಲ ಮರೆಯಬೇಕು? 2024ರ ನಿಯಮದಂತೆ, ಮರೆಯಲ್ಲಿದ್ದು ಕೌಶಲವೂ ಸೇರಿ ದಾಳದ ಮೊತ್ತ 15 ಮುಟ್ಟಿದರೆ ಆತ 'ಅದೃಶ್ಯ'. ಶತ್ರು ಕಂಡುಹಿಡಿದರೆ ಅದು ಮುಗಿಯಿತು. ಆದರೆ ಬಯಲಿಗೆ ಬಂದವನನ್ನು ಕಂಡದ್ದು, ಕಂಡುಹಿಡಿದಂತಾಯಿತೇ?

ನಗು ಬರುವುದು ಸಹಜ. ಆದರೂ ಐವತ್ತು ವರ್ಷಗಳ ಈ ತಿದ್ದುಪಡಿಗಳಲ್ಲಿ ಒಂದು ಪಾಠವಿದೆ. ಅಡಗುವಿಕೆ ಒಬ್ಬನ ಗುಣವಲ್ಲ. ಬೆಳಕು, ಮರೆ, ನೋಡುವವನ ಗಮನ ಇವೆಲ್ಲ ಕೂಡಿ ಆಗುವ ಸಂಗತಿ. ಅದನ್ನು ಅಂಕಿಯಲ್ಲಿ ಕಟ್ಟಿಹಾಕಿದಷ್ಟೂ ಹೊಸ ಸಂದುಗಳು ತೆರೆಯುತ್ತವೆ. ಕೊನೆಗೆ ಉಳಿಯುವುದು ನಿರ್ವಾಹಕನ ವಿವೇಕ, ಅದರಲ್ಲಿ ಜೊತೆಗಾರರಿಟ್ಟ ನಂಬಿಕೆ. ಅದಿಲ್ಲದ ಮೇಜಿಗೆ ಎಷ್ಟು ಪುಟಗಳ ನಿಯಮವೂ ಸಾಲದು. ಇರುವಲ್ಲಿ ಒಂದು ಕಂಬ ಸಾಕು.